ಆಕಾಶದ ಬಾಂದುಕಲ್ಲುಗಳು



ಹೊಲದ ಅಳತೆ ಎಂದೊಡನೆ ನಮಗೆ ನೆನಪಾಗುವುದು ಬಾಂದುಕಲ್ಲು. ಸರ್ವೆಯವರು ಬಂದರೆ ಮೊದಲು ಹುಡುಕುವುದೂ ಅದನ್ನೇ. ಕಲ್ಲು ಇದ್ದಲ್ಲಿಯೇ ಇದ್ದರೆ ಅಲ್ಲಿಂದ ಸರಪಳಿ ಹಿಡಿದು ಹಿಸ್ಸೆಯ ಗಡಿಯನ್ನು ಗೊತ್ತುಮಾಡಬಹುದು. ಯಾರಾದರೂ ಅದನ್ನು ನಾಲ್ಕು ಮಾರು ಆಚೆಗೆ ಸರಿಸಿದ್ದರೆ, ಸರಪಳಿ ಎಷ್ಟೇ ಸರಿಯಾಗಿದ್ದರೂ ಅಳತೆ ತಪ್ಪುತ್ತದೆ.

ನಮ್ಮ ಕೈಯಲ್ಲಿರುವ ಮೊಬೈಲ್ ಫೋನು ನಾವು ನಿಂತಿರುವ ಜಾಗವನ್ನು ತೋರಿಸುತ್ತದೆಯಲ್ಲವೇ? ಅದಕ್ಕೂ ಬಾಂದುಕಲ್ಲುಗಳು ಬೇಕು. ಅವು ಆಕಾಶದಲ್ಲಿರುವ ಉಪಗ್ರಹಗಳು. ಆದರೆ ಈ ಕಲ್ಲುಗಳು ನಿಂತಲ್ಲಿ ನಿಲ್ಲುವುದಿಲ್ಲ. ಸೆಕೆಂಡಿಗೆ ಸುಮಾರು 4 ಕಿಲೋಮೀಟರಿನಂತೆ ಓಡುತ್ತಲೇ ಇರುತ್ತವೆ. ಹೀಗಿರುವಲ್ಲಿ ಅವು ಯಾವ ಗಳಿಗೆಯಲ್ಲಿ ಎಲ್ಲಿದ್ದವು ಎಂಬ ಲೆಕ್ಕ ಫೋನಿಗೆ ಹೇಗೆ ತಿಳಿಯುತ್ತದೆ? ಆ ಲೆಕ್ಕ ಹಳತಾದರೆ ಏನಾಗುತ್ತದೆ? ಈ ಪಾಠದಲ್ಲಿ ಅದನ್ನು ತಿಳಿಯೋಣ.

ಇದು ನಮಗೇಕೆ ಬೇಕು?

2020ರ ಮುಂಗಾರಿನಿಂದ ನಮ್ಮ ರಾಜ್ಯದಲ್ಲಿ ರೈತರೇ ತಮ್ಮ ಬೆಳೆಯ ವಿವರವನ್ನು ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸುವ ಏರ್ಪಾಡು ಬಂದಿದೆ. ಹೊಲದಲ್ಲಿ ನಿಂತು ಸರ್ವೆ ನಂಬರು, ಬೆಳೆಯ ಹೆಸರು ಮತ್ತು ವಿಸ್ತೀರ್ಣವನ್ನು ತುಂಬಿ ಬೆಳೆಯ ಫೋಟೋ ತೆಗೆಯಬೇಕು. ಫೋಟೋದ ಜೊತೆಗೆ ಅದನ್ನು ತೆಗೆದ ಸ್ಥಳವೂ ದಾಖಲಾಗುತ್ತದೆ. ಬೆಂಬಲ ಬೆಲೆಯ ಖರೀದಿ, ಬೆಳೆ ವಿಮೆ, ಬೆಳೆ ನಷ್ಟದ ಪರಿಹಾರ ಇವಕ್ಕೆಲ್ಲ ಈ ದಾಖಲೆಯೇ ಆಧಾರ.

ಫೋನು ತೋರಿಸಿದ ಸ್ಥಳ ನೂರು ಮೀಟರು ಆಚೆ ಬಿದ್ದರೆ ನಿಮ್ಮ ರಾಗಿ ಪಕ್ಕದವರ ತೊಗರಿ ಹೊಲದಲ್ಲಿ ಕುಳಿತಂತಾಗುತ್ತದೆ. ಆಮೇಲೆ ಅದನ್ನು ತಿದ್ದಿಸಲು ಕಚೇರಿಗೆ ಅಲೆಯುವ ಬದಲು, ಹೊಲದಲ್ಲಿಯೇ ಎರಡು ನಿಮಿಷ ಕಾಯುವುದು ಮೇಲು. ಏತಕ್ಕಾಗಿ ಕಾಯಬೇಕೆಂಬುದು ತಿಳಿದಿದ್ದರೆ ಕಾಯುವುದು ಬೇಸರವಾಗುವುದಿಲ್ಲ.

ದೂರವನ್ನು ಅಳೆಯುವ ಬಗೆ

ಸ್ಥಳ ತೋರುವ ಉಪಗ್ರಹಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕ ದೇಶದ ಜಿಪಿಎಸ್. ಅದರ ಉಪಗ್ರಹಗಳು 24ಕ್ಕೂ ಹೆಚ್ಚು. ನೆಲದಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ, 12 ಗಂಟೆಗೆ ಎರಡು ನಿಮಿಷ ಕಡಮೆ ಇರುವಷ್ಟರಲ್ಲಿ ಅವು ಭೂಮಿಯನ್ನು ಒಂದು ಸುತ್ತು ಹಾಕುತ್ತವೆ.

ಪ್ರತಿ ಉಪಗ್ರಹವೂ ರೇಡಿಯೋ ಅಲೆಗಳ ಮೂಲಕ ಸಮಯವನ್ನು ಸಾರುತ್ತಿರುತ್ತದೆ. ಈ ಅಲೆಗಳ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ಆದುದರಿಂದ ಉಪಗ್ರಹದ ದನಿ ನಮ್ಮನ್ನು ಮುಟ್ಟಲು ಸೆಕೆಂಡಿನ ನೂರರಲ್ಲಿ ಏಳು ಭಾಗದಷ್ಟು ಹೊತ್ತು ಹಿಡಿಯುತ್ತದೆ. ದನಿ ಹೊರಟ ಹೊತ್ತಿಗೂ ಬಂದ ಹೊತ್ತಿಗೂ ಇರುವ ಅಂತರದಿಂದ ಫೋನಿನೊಳಗಿನ ರಿಸೀವರ್ ದೂರವನ್ನು ಲೆಕ್ಕ ಹಾಕುತ್ತದೆ.

ಮೂರು ಗೂಟಗಳಿಗೆ ಮೂರು ಹಗ್ಗ ಕಟ್ಟಿ, ಮೂರರ ತುದಿಯೂ ಒಂದೆಡೆ ಸೇರುವಂತೆ ಎಳೆದು ಹಿಡಿಯಿರಿ. ಹಗ್ಗಗಳ ಉದ್ದ ಗೊತ್ತಿದ್ದರೆ ಆ ತುದಿ ಎಲ್ಲಿ ಬೀಳುತ್ತದೆಂದು ಹೇಳಬಹುದು. ಉಪಗ್ರಹಗಳೇ ಗೂಟಗಳು, ಅಳೆದ ದೂರವೇ ಹಗ್ಗ. ರಿಸೀವರಿನ ಗಡಿಯಾರ ಅಗ್ಗದ್ದು. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರು ತಪ್ಪುತ್ತದೆ. ಆ ಗಡಿಯಾರವನ್ನು ತಿದ್ದಿಕೊಳ್ಳಲು ನಾಲ್ಕನೆಯ ಉಪಗ್ರಹವೊಂದು ಬೇಕಾಗುತ್ತದೆ.

ಹಗ್ಗ ಸರಿಯಾಗಿದ್ದರೆ ಸಾಲದು, ಗೂಟ ಎಲ್ಲಿದೆ ಎಂಬುದೂ ಗೊತ್ತಿರಬೇಕು. ಇದೇ ಇಂದಿನ ಪಾಠದ ತಿರುಳು.

ಈ ಯೋಚನೆ ಹುಟ್ಟಿದ ಬಗೆ

1957ನೆಯ ಅಕ್ಟೋಬರ್ 4ರಂದು ರಷ್ಯಾದವರು ಸ್ಪುಟ್ನಿಕ್ ಎಂಬ ಮೊದಲ ಉಪಗ್ರಹವನ್ನು ಹಾರಿಸಿದರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯೊಂದರಲ್ಲಿ ವಿಲಿಯಂ ಗಯರ್ ಮತ್ತು ಜಾರ್ಜ್ ವೈಫನ್‌ಬಾಕ್ ಎಂಬ ಇಬ್ಬರು ವಿಜ್ಞಾನಿಗಳು ಅದರ ರೇಡಿಯೋ ದನಿಗೆ ಕಿವಿಗೊಟ್ಟರು. ರೈಲು ಹತ್ತಿರ ಬರುವಾಗ ಅದರ ಸಿಳ್ಳು ಏರಿದಂತೆಯೂ, ದಾಟಿ ಹೋದಮೇಲೆ ಇಳಿದಂತೆಯೂ ಕೇಳುವುದುಂಟು. ಸ್ಪುಟ್ನಿಕ್ಕಿನ ದನಿಯಲ್ಲಿಯೂ ಅಂತಹುದೇ ಏರಿಳಿತವಿತ್ತು. ತಾವು ಕುಳಿತ ಸ್ಥಳ ಗೊತ್ತಿದ್ದುದರಿಂದ, ಆ ಏರಿಳಿತವನ್ನೇ ಹಿಡಿದು ಅವರು ಉಪಗ್ರಹದ ದಾರಿಯನ್ನು ಲೆಕ್ಕ ಹಾಕಿದರು.

ಮರುವರ್ಷ, 1958ರಲ್ಲಿ, ಅದೇ ಪ್ರಯೋಗಶಾಲೆಯ ಫ್ರ್ಯಾಂಕ್ ಮೆಕ್ಲೂರ್ ಎಂಬುವರು ಈ ಲೆಕ್ಕವನ್ನು ತಿರುಗುಮುರುಗು ಮಾಡಿ ನೋಡಿದರು. ನಮ್ಮ ಸ್ಥಳ ಗೊತ್ತಿದ್ದರೆ ಉಪಗ್ರಹದ ದಾರಿ ತಿಳಿಯುತ್ತದೆ. ಹಾಗಾದರೆ ಉಪಗ್ರಹದ ದಾರಿ ಗೊತ್ತಿದ್ದರೆ ನಮ್ಮ ಸ್ಥಳವೂ ತಿಳಿಯಬೇಕಲ್ಲವೇ? ಇದರಿಂದ ಹುಟ್ಟಿದ ಟ್ರಾನ್ಸಿಟ್ ಎಂಬ ಏರ್ಪಾಡು 1996ರವರೆಗೆ ಹಡಗುಗಳಿಗೆ ದಾರಿ ತೋರಿಸಿತು. ಅದರ ಉಪಗ್ರಹಗಳು ತಮ್ಮ ದಾರಿಯ ಲೆಕ್ಕವನ್ನು ತಾವೇ ಹೊತ್ತು, ತಾವೇ ಸಾರುತ್ತಿದ್ದವು. ಇಂದಿನ ಜಿಪಿಎಸ್ ಸಹ ಹಾಗೆಯೇ ಮಾಡುತ್ತದೆ.

ಲೆಕ್ಕ ಬರೆಯುವವರು ಯಾರು?

ಉಪಗ್ರಹಕ್ಕೆ ತಾನೆಲ್ಲಿದ್ದೇನೆಂದು ತಾನಾಗಿ ತಿಳಿಯುವುದಿಲ್ಲ. ಭೂಮಿಯ ಮೇಲಿರುವವರು ಅದನ್ನು ತಿಳಿಸಬೇಕು. ಹವಾಯಿ ದ್ವೀಪ, ಹಿಂದೂ ಮಹಾಸಾಗರದ ಡಿಯಾಗೊ ಗಾರ್ಸಿಯಾ ದ್ವೀಪ ಮೊದಲಾದ ಕಡೆಗಳಲ್ಲಿ ಜಿಪಿಎಸ್‌ನ ಕಾವಲು ಠಾಣೆಗಳಿವೆ. ಇವು ಹಗಲಿರುಳು ಉಪಗ್ರಹಗಳ ದನಿಯನ್ನು ಕೇಳಿ, ಅಳತೆಗಳನ್ನು ಅಮೆರಿಕದ ಕೊಲರಾಡೋ ರಾಜ್ಯದಲ್ಲಿರುವ ಮುಖ್ಯ ಠಾಣೆಗೆ ಕಳಿಸುತ್ತವೆ. ಅಲ್ಲಿ ಪ್ರತಿ ಉಪಗ್ರಹದ ಮುಂದಿನ ದಾರಿಯನ್ನು ಗಣಿತದಿಂದ ಕಂಡುಹಿಡಿದು ಉಪಗ್ರಹಕ್ಕೆ ಏರಿಸುತ್ತಾರೆ. ಸಾಮಾನ್ಯವಾಗಿ ದಿನಕ್ಕೊಂದು ಸಲವಾದರೂ ಈ ಕೆಲಸ ನಡೆಯುತ್ತದೆ.

ಒಮ್ಮೆ ಲೆಕ್ಕ ಹಾಕಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಸೂರ್ಯಚಂದ್ರರ ಸೆಳೆತ, ಸರಿಯಾದ ಗುಂಡಲ್ಲದ ಭೂಮಿಯ ಆಕಾರ, ಬಿಸಿಲಿನ ಒತ್ತಡ ಇವೆಲ್ಲ ಉಪಗ್ರಹದ ದಾರಿಯನ್ನು ಬಿಡದೆ ಸ್ವಲ್ಪಸ್ವಲ್ಪವೇ ಅಲುಗಿಸುತ್ತಿರುತ್ತವೆ.

ನಮ್ಮ ದೇಶಕ್ಕೂ ಇಂತಹ ಏರ್ಪಾಡೊಂದಿದೆ. ಅದರ ಹೆಸರು ನಾವಿಕ್. ಮೊದಲ ಉಪಗ್ರಹವನ್ನು 2013ರ ಜುಲೈ 1ರಂದು ಹಾರಿಸಲಾಯಿತು. 2016ರಲ್ಲಿ ಏಳನೆಯ ಉಪಗ್ರಹ ಏರಿದಾಗ ಈ ಹೆಸರಿಡಲಾಯಿತು. ನಾವಿಕ್ ಉಪಗ್ರಹಗಳು ಸುಮಾರು 36,000 ಕಿಲೋಮೀಟರು ಎತ್ತರದಲ್ಲಿದ್ದು ನಮ್ಮ ದೇಶದ ಕಡೆಗೇ ಮುಖ ಮಾಡಿರುತ್ತವೆ. ಅವುಗಳನ್ನು ಹತೋಟಿಯಲ್ಲಿಡುವ ಕೇಂದ್ರ ನಮ್ಮ ಹಾಸನದಲ್ಲಿದೆ. ಅವುಗಳ ಸಮಯ ಮತ್ತು ದಾರಿಯ ಲೆಕ್ಕ ಹಾಕುವ ಕೇಂದ್ರ ಬೆಂಗಳೂರಿನ ಬಳಿಯ ಬ್ಯಾಲಾಳು ಗ್ರಾಮದಲ್ಲಿದೆ. ನಾವಿಕ್‌ನ ಸಂದೇಶದ ಜೋಡಣೆ ಜಿಪಿಎಸ್‌ಗಿಂತ ಬೇರೆಯಾದರೂ ತತ್ತ್ವ ಒಂದೇ: ನೆಲದವರು ಲೆಕ್ಕ ಬರೆಯುತ್ತಾರೆ, ಉಪಗ್ರಹ ಅದನ್ನು ಸಾರುತ್ತದೆ, ಯಂತ್ರ ಅದನ್ನು ಕೇಳಿ ಬರೆದಿಟ್ಟುಕೊಳ್ಳುತ್ತದೆ.

ಎರಡು ಬಗೆಯ ಲೆಕ್ಕ

ಯಂತ್ರವು ಬರೆದಿಟ್ಟುಕೊಳ್ಳುವ ಲೆಕ್ಕದಲ್ಲಿ ಎರಡು ಬಗೆ.

ಮೊದಲನೆಯದು ಆಲ್ಮನ್ಯಾಕ್. ಇದನ್ನು ನಾವು ಪಂಚಾಂಗವೆಂದೇ ಕರೆಯಬಹುದು. ಇದರಲ್ಲಿ ಎಲ್ಲ ಉಪಗ್ರಹಗಳ ವಿಚಾರವೂ ಇರುತ್ತದೆ, ಆದರೆ ಸ್ಥೂಲವಾಗಿ. ಯಾವ ಹೊತ್ತಿನಲ್ಲಿ ಯಾವ ಉಪಗ್ರಹ ಯಾವ ದಿಕ್ಕಿನಲ್ಲಿ ಮೂಡಿರುತ್ತದೆ, ಯಾವುದು ಮುಳುಗಿರುತ್ತದೆ ಎಂಬಷ್ಟನ್ನು ಇದು ಹೇಳುತ್ತದೆ. ಕೆಲವು ವಾರ ಹಳತಾದರೂ ಆ ಕೆಲಸಕ್ಕೆ ಅಡ್ಡಿಯಿಲ್ಲ. ಆದರೆ ಉಪಗ್ರಹದ ಸ್ಥಾನದಲ್ಲಿ ಕಿಲೋಮೀಟರುಗಳಷ್ಟು ವ್ಯತ್ಯಾಸ ಇರಬಹುದಾದ ಕಾರಣ, ಇದನ್ನೇ ನಂಬಿ ಹೊಲದ ಸ್ಥಳ ಹೇಳಲಾಗದು.

ಎರಡನೆಯದು ಎಫೆಮೆರಿಸ್. ಇದು ಸದ್ಯದ ಲೆಕ್ಕ. ಒಂದೊಂದು ಉಪಗ್ರಹವೂ ತನ್ನದೊಂದನ್ನೇ ಹೇಳುತ್ತದೆ, ಆದರೆ ಬಲು ನಿಖರವಾಗಿ. ದಾರಿಯ ಹರವು ಎಷ್ಟು, ಅದು ಎಷ್ಟು ಉದ್ದುರುಟು, ಭೂಮಧ್ಯರೇಖೆಗೆ ಎಷ್ಟು ಓರೆ, ಈ ಲೆಕ್ಕ ಯಾವ ಹೊತ್ತಿನದು ಎಂಬ ಅಂಕಿಗಳೂ, ಅವುಗಳ ತಿದ್ದುಪಡಿಗಳೂ ಅದರಲ್ಲಿರುತ್ತವೆ. ಬಾಂದುಕಲ್ಲು ಎಲ್ಲಿದೆಯೆಂದು ಹೇಳುವುದು ಈ ಎಫೆಮೆರಿಸ್. ಆದರೆ ಇದರ ಆಯುಷ್ಯ ಕಡಮೆ. ಸಾಮಾನ್ಯವಾಗಿ ಒಂದು ಲೆಕ್ಕ 4 ಗಂಟೆಗಳ ಹೊತ್ತಿಗೆ ಹೊಂದುವಂತೆ ಮಾಡಿರುತ್ತಾರೆ, ಮತ್ತು 2 ಗಂಟೆಗೊಮ್ಮೆ ಉಪಗ್ರಹವು ಹೊಸ ಲೆಕ್ಕವನ್ನು ಸಾರುತ್ತದೆ.

ಪಂಚಾಂಗ ವರ್ಷಕ್ಕೊಂದು ಸಾಕು. ಮೊಸರು ಮಾತ್ರ ದಿನವೂ ಹೆಪ್ಪು ಹಾಕಬೇಕು. ಈ ಎರಡು ಲೆಕ್ಕಗಳ ಭೇದವೂ ಇಷ್ಟೇ.

ಲೆಕ್ಕವು ಇಳಿದು ಬರುವ ರೀತಿ

ಉಪಗ್ರಹವು ಈ ಲೆಕ್ಕವನ್ನು ಬಲು ನಿಧಾನವಾಗಿ ಹೇಳುತ್ತದೆ. ಜಿಪಿಎಸ್‌ನ ಮೂಲ ಸಂದೇಶದ ವೇಗ ಸೆಕೆಂಡಿಗೆ 50 ಬಿಟ್. ನಮ್ಮ ಫೋನಿನಲ್ಲಿ ‘ಕ’ ಎಂಬ ಒಂದು ಅಕ್ಷರ ಬರೆಯಲು 24 ಬಿಟ್ ಬೇಕು. ಎಂದರೆ ಉಪಗ್ರಹವು ಸೆಕೆಂಡಿಗೆ ಎರಡು ಅಕ್ಷರದಂತೆ ಓದಿ ಹೇಳಿದ ಹಾಗಾಯಿತು. ಅಷ್ಟು ದೂರದಿಂದ ಬರುವ ಕ್ಷೀಣವಾದ ದನಿಯಾದ್ದರಿಂದ ನಿಧಾನವಾಗಿ ಹೇಳಿದರೇ ಸ್ಪಷ್ಟ.

ಸಂದೇಶವು ಐದು ಕಂತುಗಳಲ್ಲಿ ಬರುತ್ತದೆ. ಒಂದೊಂದು ಕಂತಿಗೆ 6 ಸೆಕೆಂಡು. ಐದಕ್ಕೂ ಸೇರಿ 30 ಸೆಕೆಂಡು.

ಒಂದನೆಯ ಕಂತಿನಲ್ಲಿ ಉಪಗ್ರಹದ ಗಡಿಯಾರದ ತಿದ್ದುಪಡಿ ಮತ್ತು ಉಪಗ್ರಹ ಕೆಲಸಕ್ಕೆ ಯೋಗ್ಯವಾಗಿದೆಯೇ ಎಂಬ ವಿಚಾರ ಇರುತ್ತದೆ.

ಎರಡು ಮತ್ತು ಮೂರನೆಯ ಕಂತುಗಳಲ್ಲಿ ಆ ಉಪಗ್ರಹದ ಸದ್ಯದ ಲೆಕ್ಕ, ಅಂದರೆ ಎಫೆಮೆರಿಸ್ ಇರುತ್ತದೆ.

ನಾಲ್ಕು ಮತ್ತು ಐದನೆಯ ಕಂತುಗಳಲ್ಲಿ ಪಂಚಾಂಗದ ಒಂದೊಂದು ಹಾಳೆ ಇರುತ್ತದೆ. ಪಂಚಾಂಗವೆಲ್ಲ ಮುಗಿಯಲು ಇಂತಹ 25 ಸುತ್ತು ಬೇಕು; ಅದಕ್ಕೆ ಹನ್ನೆರಡೂವರೆ ನಿಮಿಷ.

ಮೊದಲ ಮೂರು ಕಂತುಗಳು ಪೂರ್ತಿ ಬಂದರೆ ಆ ಉಪಗ್ರಹದಿಂದ ಬೇಕಾದುದೆಲ್ಲ ಸಿಕ್ಕಿತು. ಇದಕ್ಕೆ 18 ಸೆಕೆಂಡು ಸಾಕು. ಆದರೆ ರಿಸೀವರ್ ಕೇಳಲು ತೊಡಗಿದಾಗ ಸಂದೇಶ ಎಲ್ಲಿಯೋ ನಡುವೆ ಇರುತ್ತದೆಯಾದ್ದರಿಂದ ಸುಮಾರು ಅರ್ಧ ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ನೀವು ಅಡಿಕೆ ಮರದ ಸೋಗೆಯ ಕೆಳಗೆ ಹೋದಿರಿ, ಅಥವಾ ಫೋನನ್ನು ಜೇಬಿಗೆ ಹಾಕಿದಿರಿ ಎನ್ನಿ. ದನಿ ಕಡಿದು ಹೋಗುತ್ತದೆ, ಕಂತು ಅರ್ಧಕ್ಕೆ ನಿಲ್ಲುತ್ತದೆ. ಅದೇ ಕಂತು ಮತ್ತೆ ಬರುವವರೆಗೆ ಇನ್ನೊಂದು 30 ಸೆಕೆಂಡು ಕಾಯಬೇಕು. ನಿಂತು ನಡೆದು, ನಿಂತು ನಡೆದು ಮಾಡುತ್ತಿದ್ದರೆ ಲೆಕ್ಕ ಎಂದಿಗೂ ಪೂರ್ತಿಯಾಗದು.

ಯಂತ್ರವು ಲೆಕ್ಕವನ್ನು ಹೊಸದು ಮಾಡಿಕೊಳ್ಳುವ ಬಗೆ

ರಿಸೀವರನ್ನು ಚಾಲೂ ಮಾಡಿದೊಡನೆ ಅದು ಮೊದಲು ತನ್ನ ನೆನಪಿನ ಪೆಟ್ಟಿಗೆಯನ್ನು ನೋಡುತ್ತದೆ. ಮೂರು ಸಂದರ್ಭಗಳನ್ನು ಇಲ್ಲಿ ತಿಳಿಯಬೇಕು.

ಒಂದು: ಯಂತ್ರವನ್ನು ಸ್ವಲ್ಪ ಹೊತ್ತಿನ ಹಿಂದೆಯಷ್ಟೇ ಬಳಸಿದೆ. ಸದ್ಯದ ಲೆಕ್ಕ ಇನ್ನೂ ಹಳಸಿಲ್ಲ. ಆಗ ಕೆಲವೇ ಸೆಕೆಂಡುಗಳಲ್ಲಿ ಸ್ಥಳ ಸಿಗುತ್ತದೆ.

ಎರಡು: ಬಳಸಿ ಒಂದೆರಡು ದಿನವಾಗಿದೆ. ಪಂಚಾಂಗ ಇದೆ, ಸಮಯ ಗೊತ್ತು, ಊರು ಗೊತ್ತು. ಎಫೆಮೆರಿಸ್ ಮಾತ್ರ ಹಳತು. ಆಗ ಯಂತ್ರವು ಪಂಚಾಂಗ ನೋಡಿ, ಈ ಹೊತ್ತಿನಲ್ಲಿ ತಲೆಯ ಮೇಲಿರುವ ಉಪಗ್ರಹಗಳನ್ನು ಮಾತ್ರ ಹುಡುಕುತ್ತದೆ. ಮುಸ್ಸಂಜೆಯಲ್ಲಿ ಮಂದೆ ಮನೆಗೆ ಬರುವಾಗ ಕೊರಳ ಗಂಟೆಯ ದನಿಯಿಂದಲೇ ನಮ್ಮ ಹಸುವನ್ನು ಗುರುತಿಸುವುದಿಲ್ಲವೇ? ಹಾಗೆ ಪ್ರತಿ ಉಪಗ್ರಹಕ್ಕೂ ಅದರದೇ ಗುರುತಿನ ದನಿ ಇದೆ. ಅದನ್ನು ಹಿಡಿದು, ಸದ್ಯದ ಲೆಕ್ಕವನ್ನು ಕೇಳಿಕೊಂಡು, ಅರ್ಧ ನಿಮಿಷದ ಮೇಲೆ ಸ್ಥಳ ಹೇಳುತ್ತದೆ.

ಮೂರು: ತಿಂಗಳುಗಟ್ಟಲೆ ಮುಚ್ಚಿಟ್ಟ ಯಂತ್ರ, ಅಥವಾ ಮುಚ್ಚಿಟ್ಟುಕೊಂಡೇ ನೂರಾರು ಮೈಲಿ ಆಚೆಗೆ ಒಯ್ದ ಯಂತ್ರ. ನೆನಪಿನಲ್ಲಿ ನಂಬಬಹುದಾದುದು ಏನೂ ಇಲ್ಲ. ಆಗ ಅದು ಎಲ್ಲ ಉಪಗ್ರಹಗಳನ್ನೂ ಹುಡುಕಬೇಕು. ಹೊಸ ಯಂತ್ರಗಳು ಇದನ್ನು ಬೇಗ ಮಾಡುತ್ತವೆ. ಹಳೆಯವು ಹಲವು ನಿಮಿಷ ತೆಗೆದುಕೊಳ್ಳುತ್ತವೆ.

ಸ್ಥಳ ಸಿಕ್ಕಿದ ಮೇಲೂ ಯಂತ್ರ ಸುಮ್ಮನಿರುವುದಿಲ್ಲ. ಕೆಲಸದಲ್ಲಿರುವಷ್ಟು ಹೊತ್ತೂ ಪ್ರತಿ ಸುತ್ತನ್ನೂ ಕೇಳುತ್ತಿರುತ್ತದೆ. ಪ್ರತಿ ಲೆಕ್ಕಕ್ಕೂ ಒಂದು ಸಂಖ್ಯೆ ಇರುತ್ತದೆ. ಮೊದಲ ಮೂರು ಕಂತುಗಳ ಮೇಲೂ ಅದನ್ನು ನಮೂದಿಸಿರುತ್ತಾರೆ. ಕ್ರಯಪತ್ರದ ಪ್ರತಿ ಹಾಳೆಯಲ್ಲಿಯೂ ಒಂದೇ ದಸ್ತಾವೇಜಿನ ಸಂಖ್ಯೆ ಇರಬೇಕಾದಂತೆ, ಮೂರು ಕಂತುಗಳಲ್ಲಿಯೂ ಸಂಖ್ಯೆ ಹೊಂದಿಕೆಯಾದರೆ ಮಾತ್ರ ಯಂತ್ರ ಅದನ್ನು ಸ್ವೀಕರಿಸುತ್ತದೆ. ಹೊಂದದಿದ್ದರೆ ನಡುವೆ ಲೆಕ್ಕ ಬದಲಾಗಿದೆ ಎಂದರ್ಥ. ಅದನ್ನು ಬಿಟ್ಟು ಮುಂದಿನ ಸುತ್ತಿಗೆ ಕಾಯುತ್ತದೆ. ಹೊಸ ಸಂಖ್ಯೆಯ ಲೆಕ್ಕ ಪೂರ್ತಿ ಬಂದ ಮೇಲೆ ಹಳೆಯದನ್ನು ಕೈಬಿಡುತ್ತದೆ. ಕೆಟ್ಟಿರುವ ಉಪಗ್ರಹ ತನ್ನನ್ನು ನಂಬಬೇಡಿರೆಂದು ಹೇಳಿದರೆ ಅದನ್ನೂ ಪಟ್ಟಿಯಿಂದ ಬಿಡುತ್ತದೆ.

ಮೊಬೈಲಿಗೆ ಇರುವ ಇನ್ನೊಂದು ದಾರಿ

ಮೊಬೈಲ್ ಫೋನಿಗೆ ನೆಟ್‌ವರ್ಕ್ ಇದ್ದರೆ ಇಷ್ಟೆಲ್ಲ ಕಾಯಬೇಕಾಗಿಲ್ಲ. ಎಫೆಮೆರಿಸ್ ಲೆಕ್ಕವನ್ನು ಅದು ಇಂಟರ್‌ನೆಟ್ಟಿನ ಮೂಲಕ ತಟ್ಟನೆ ತರಿಸಿಕೊಳ್ಳುತ್ತದೆ. ಆಮೇಲೆ ಉಪಗ್ರಹದ ದನಿಯಿಂದ ದೂರವನ್ನಷ್ಟೇ ಅಳೆದರೆ ಸಾಕು. ಪೇಟೆಯಲ್ಲಿ ಕೆಲವೇ ಸೆಕೆಂಡುಗಳಲ್ಲಿ ಸ್ಥಳ ತೋರಿಸುವ ಫೋನು, ಮಲೆನಾಡಿನ ಕಣಿವೆಯಲ್ಲಿ ತಡಮಾಡುವುದಕ್ಕೆ ಇದೇ ಕಾರಣ. ಅಲ್ಲಿ ನೆಟ್‌ವರ್ಕ್ ಇಲ್ಲ. ಉಪಗ್ರಹವು ನಿಧಾನವಾಗಿ ಹೇಳುವುದನ್ನೇ ಕೇಳಿ ಬರೆದುಕೊಳ್ಳಬೇಕು. ಫೋನು ಕೆಟ್ಟಿದೆಯೆಂದು ಬೈಯುವುದು ಸರಿಯಲ್ಲ.

ಇಲ್ಲೊಂದು ಎಚ್ಚರಿಕೆ. ಉಪಗ್ರಹದ ಲೆಕ್ಕ ಬರುವ ಮುನ್ನವೇ ಫೋನು ಒಂದು ಚುಕ್ಕಿಯನ್ನು ತೋರಿಸಿಬಿಡುವುದುಂಟು. ಅದು ಹತ್ತಿರದ ಮೊಬೈಲ್ ಟವರಿನಿಂದ ಮಾಡಿದ ಅಂದಾಜು. ಅದರಲ್ಲಿ ನೂರಾರು ಮೀಟರು, ಕೆಲವು ಸಲ ಇನ್ನೂ ಹೆಚ್ಚು ವ್ಯತ್ಯಾಸ ಇರಬಹುದು. ಮ್ಯಾಪಿನಲ್ಲಿ ಚುಕ್ಕಿಯ ಸುತ್ತ ತೆಳುಬಣ್ಣದ ದೊಡ್ಡ ವೃತ್ತ ಕಂಡರೆ, ತನಗಿನ್ನೂ ಸರಿಯಾಗಿ ಗೊತ್ತಾಗಿಲ್ಲವೆಂದು ಫೋನೇ ಹೇಳುತ್ತಿದೆ ಎಂದು ತಿಳಿಯಿರಿ. ವೃತ್ತ ಚಿಕ್ಕದಾಗುವವರೆಗೆ ಫೋಟೋ ತೆಗೆಯಬೇಡಿ.

ಹೊಲದಲ್ಲಿ ಮಾಡತಕ್ಕದ್ದು

1. ಬೆಳೆ ದಾಖಲಿಸಲು ಹೊರಡುವ ಮುನ್ನ, ನೆಟ್‌ವರ್ಕ್ ಇರುವ ಕಡೆಯಲ್ಲಿಯೇ ಫೋನಿನ ಲೊಕೇಶನ್ ಚಾಲೂ ಮಾಡಿ, ಮ್ಯಾಪನ್ನು ಒಮ್ಮೆ ತೆರೆದು ನೋಡಿ. ಉಪಗ್ರಹಗಳ ಲೆಕ್ಕ ಅಲ್ಲಿಯೇ ಬಂದಿರುತ್ತದೆ.

2. ಫೋನಿನ ದಿನಾಂಕ ಮತ್ತು ಸಮಯ ತಾನಾಗಿ ಸರಿಹೋಗುವಂತೆ ಇಟ್ಟುಕೊಳ್ಳಿ. ಸಮಯ ತಪ್ಪಿದ್ದರೆ ಪಂಚಾಂಗವಿದ್ದೂ ಪ್ರಯೋಜನ ಕಡಮೆ.

3. ಹೊಲದಲ್ಲಿ ಬಯಲಾದ ಜಾಗದಲ್ಲಿ ನಿಲ್ಲಿ. ದೊಡ್ಡ ಮರ, ಪಂಪ್‌ಸೆಟ್ಟಿನ ಮನೆ, ತಗಡಿನ ಚಾವಣಿ ಇವುಗಳಿಂದ ದೂರವಿರಿ. ತೋಟವಾದರೆ ಮರಗಳ ನಡುವೆ ಆಕಾಶ ಹೆಚ್ಚು ಕಾಣುವ ಕಡೆ ನಿಲ್ಲಿ.

4. ಫೋನನ್ನು ಅಂಗೈಯಲ್ಲಿ ಆಕಾಶಕ್ಕೆ ತೆರೆದಂತೆ ಹಿಡಿದು, ಒಂದೆರಡು ನಿಮಿಷ ಅಲುಗದೆ ಕಾಯಿರಿ. ನೆಟ್‌ವರ್ಕ್ ಇಲ್ಲದೆ, ಫೋನನ್ನು ಬಹುದಿನ ಬಳಸದೆ ಇದ್ದರೆ ಇನ್ನೂ ಹೆಚ್ಚು ಕಾಯಬೇಕಾದೀತು.

5. ಬೆಳಿಗ್ಗೆ ಒಂದು ಹೊಲ, ಸಂಜೆ ಇನ್ನೊಂದು ಹೊಲವೆಂದರೆ ಸಂಜೆಯೂ ಮೊದಲಿನಂತೆಯೇ ಕಾಯಿರಿ. ಬೆಳಗಿನ ಲೆಕ್ಕ ಅಷ್ಟರಲ್ಲಿ ಹಳಸಿರುತ್ತದೆ.

ಇದರ ಮಿತಿಯನ್ನೂ ತಿಳಿಯಿರಿ

ಲೆಕ್ಕ ಹೊಸದಾಗಿದ್ದು ಆಕಾಶ ತೆರೆದಿದ್ದರೂ ಸಾಮಾನ್ಯ ಫೋನಿನಲ್ಲಿ ಸುಮಾರು 5 ಮೀಟರು ಹೆಚ್ಚುಕಡಮೆ ಇದ್ದೇ ಇರುತ್ತದೆ. ಗಾಳಿಯ ಮೇಲಿನ ಪದರಗಳನ್ನು ಹಾದು ಬರುವಾಗ ಅಲೆಗಳು ತಡವಾಗುವುದು ಇದಕ್ಕೆ ಒಂದು ಕಾರಣ. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ. ಸುಮಾರು 10 ಮೀಟರಿಗೆ 10 ಮೀಟರು. ಎಂದರೆ ಫೋನಿನ ವ್ಯತ್ಯಾಸವೇ ಗುಂಟೆಯ ಒಂದು ಬದಿಯ ಅರ್ಧದಷ್ಟಾಯಿತು. ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆಂದು ತಿಳಿಯಲು ಇದು ಸಾಕು. ಬದುವಿನ ವ್ಯಾಜ್ಯ ತೀರಿಸಲು ಸಾಲದು.

ಆದಕಾರಣ ಫೋನಿನಲ್ಲಿ ಹೊಲ ಸುತ್ತಿ, ತಮ್ಮ ಜಮೀನು ಎರಡು ಗುಂಟೆ ಕಡಮೆ ಬಂತೆಂದು ನೆರೆಯವರೊಡನೆ ಜಗಳಕ್ಕೆ ಇಳಿಯಬೇಡಿ. ಸರ್ವೆ ಇಲಾಖೆಯವರು ತರುವ ರೋವರ್ ಎಂಬ ಯಂತ್ರವೂ ಇವೇ ಉಪಗ್ರಹಗಳ ದನಿಯನ್ನು ಕೇಳುತ್ತದೆ. ಆದರೆ ಸ್ಥಳ ಮೊದಲೇ ಗೊತ್ತಿರುವ ಖಾಯಂ ಠಾಣೆಗಳಿಂದ ಅದು ತಿದ್ದುಪಡಿಗಳನ್ನು ತರಿಸಿಕೊಂಡು ಸೆಂಟಿಮೀಟರುಗಳವರೆಗೆ ಸರಿಯಾಗಿ ಅಳೆಯುತ್ತದೆ. ಗಡಿಯ ಸಂದೇಹವಿದ್ದರೆ ಅಳತೆಗೆ ಅರ್ಜಿ ಹಾಕುವುದೇ ಸರಿಯಾದ ದಾರಿ.

ಚರ್ಚೆಗೆ ಪ್ರಶ್ನೆಗಳು

ಗ್ರಾಮದ ಯುವಕ ಸಂಘ, ಮಹಿಳಾ ಸಂಘಗಳಲ್ಲಿ ಈ ಪಾಠವನ್ನು ಓದಿ, ಕೆಳಗಿನ ಪ್ರಶ್ನೆಗಳಿಗೆ ಉತ್ತರ ಹೇಳಿಸಬಹುದು.

1. ಸ್ಥಳ ಹೇಳಲು ಯಂತ್ರಕ್ಕೆ ಕಡಮೆಯೆಂದರೆ ಎಷ್ಟು ಉಪಗ್ರಹ ಬೇಕು? ನಾಲ್ಕನೆಯದು ಏತಕ್ಕೆ?

2. ಆಲ್ಮನ್ಯಾಕ್‌ಗೂ ಎಫೆಮೆರಿಸ್‌ಗೂ ಏನು ವ್ಯತ್ಯಾಸ? ಬೇಗ ಹಳಸುವುದು ಯಾವುದು?

3. ಸಂದೇಶ ಬರುತ್ತಿರುವಾಗ ಮರದ ಕೆಳಗೆ ಹೋದರೆ ಏನಾಗುತ್ತದೆ?

4. ಫೋನಿನ ಚುಕ್ಕಿಯ ಸುತ್ತ ದೊಡ್ಡ ವೃತ್ತ ಕಂಡರೆ ಏನು ಮಾಡಬೇಕು?

ಫೋನು ಬಳಸಲು ಬಾರದ ಹಿರಿಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರ ಬೆಳೆಯನ್ನು ದಾಖಲಿಸಿಕೊಡುವ ಯುವಕ ಯುವತಿಯರು ಮನೆಯ ಜಗುಲಿಯಲ್ಲಿ ಕುಳಿತು ಕೆಲಸ ಮುಗಿಸದೆ, ಅವರ ಹೊಲಕ್ಕೇ ಹೋಗಿ, ವೃತ್ತ ಚಿಕ್ಕದಾಗುವವರೆಗೆ ನಿಂತು ಫೋಟೋ ತೆಗೆಯಲಿ. ಆಗ ಮಳೆ ಕೈಕೊಟ್ಟ ವರ್ಷ ಆ ಹಿರಿಯರ ದಾಖಲೆ ಅವರ ಹೊಲದ ಮೇಲೆಯೇ ಇರುತ್ತದೆ.